ಎರಡನೇ ತರಗತಿಯ ಪಟ್ಟಿಯಲ್ಲಿಲ್ಲದ ಪದ

ಪ್ರೀತಿಯ ಭಾವನವರಿಗೆ,

ನೀವು ತೀರಿಕೊಂಡು ಹದಿನಾಲ್ಕು ತಿಂಗಳ ಮೇಲೆ ಪತ್ರ ಬರೆಯುತ್ತಿದ್ದೇನೆ. ‘ತಡ ಮಾಡೋದು ನಮ್ಮ ನಾದಿನಿ ಹುಟ್ಟುಗುಣ, ಸುಟ್ರೂ ಹೋಗಲ್ಲ’ ಎನ್ನುತ್ತಿದ್ದಿರಿ. ಹೋಗಿಲ್ಲ.

ಹಡಗಿನ ಕೆಲಸದಲ್ಲಿದ್ದ ನೀವು ತಿಂಗಳುಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ. ಹಾಗಾಗಿ ನೀವು ಅಲ್ಲೇ ಹೋಗಿಬಿಟ್ಟಿರೆಂದು ನಿಮ್ಮ ಮಗಳಿಗೆ ಗೊತ್ತಾಗಲಿಲ್ಲ. ಹೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. ಬದಲಿಗೆ ಒಂದು ಪುಟ್ಟ ಕಥೆ ಬರೆದಳು. ಐದನೇ ಪುಟದಲ್ಲಿ ಒಂದೇ ಸಾಲು: ‘ಅಪ್ಪ ಸತ್ತುಹೋದ.’ ‘ಇದನ್ನ ಪುಸ್ತಕ ಮಾಡು. ಅವಳೇ ಓದಿ ತಿಳ್ಕೊಳ್ಳಲಿ’ ಎಂದು ನನ್ನ ಕೈಗಿತ್ತಳು.

ನಾನು ಮಕ್ಕಳ ಪುಸ್ತಕ ತಿದ್ದುವ ನಮ್ಮ ಪ್ರಕಾಶನದಲ್ಲಿ ಪ್ರತಿ ಹಸ್ತಪ್ರತಿಗೂ ಹಳದಿ ಚೀಟಿ ಅಂಟಿಸುತ್ತೇವೆ. ಯಾವ ತರಗತಿ, ಪಠ್ಯಕ್ರಮದ ಯಾವ ಕಲಿಕಾಂಶ, ಪದಪಟ್ಟಿಯ ಹೊರಗಿನ ಪದವೆಷ್ಟು. ಚೀಟಿ ತುಂಬದ ಪುಸ್ತಕ ಶಾಲೆಗಳಿಗೆ ಬೇಡ. ಶಾಲೆಗೆ ಬೇಡದ್ದು ನಮಗೂ ಬೇಡ. ಎರಡನೇ ತರಗತಿಯ ಪಟ್ಟಿಯಲ್ಲಿ ಸಾವು ಇರಲಿಲ್ಲ. ‘ಅಪ್ಪ ದೂರ ಹೋದ’ ಎಂದು ತಿದ್ದಿದೆ. ‘ಊಹಿಸಿ ಬರೆಯುವುದು’ ಎಂಬ ಕಲಿಕಾಂಶ ಖಾಲಿ ಉಳಿದಿತ್ತು. ಕೊನೆಯ ಪುಟಕ್ಕೊಂದು ಪ್ರಶ್ನೆ ಸೇರಿಸಿದೆ: ‘ಅಪ್ಪ ಯಾವಾಗ ಬರುತ್ತಾನೆ?’

ಹನ್ನೆರಡು ವರ್ಷದ ಅಭ್ಯಾಸ, ಭಾವ. ಒಂದು ಕೈಯಲ್ಲಿ ಚಹಾ ಇತ್ತು. ಇದು ಯಾರ ಕಥೆ ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಪ್ರೂಫ್ ಕಳಿಸಲೇ ಎಂದರೆ ಅಕ್ಕ ‘ನೀನಿದ್ದೀಯಲ್ಲ’ ಎಂದಳು.

ಪುಸ್ತಕ ನಿಮ್ಮ ಮಗಳ ತರಗತಿಗೂ ಹೋಯಿತು. ಪ್ರಶ್ನೆಯ ಕೆಳಗೆ ಅವಳು ‘ಭಾನುವಾರ ಬರುತ್ತಾನೆ’ ಎಂದು ಪೆನ್ಸಿಲಿನಲ್ಲಿ ಬರೆದಳು. ಟೀಚರ್ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು. ಭಾನುವಾರ ಬೆಳಿಗ್ಗೆಯೇ ಶೂ ಹಾಕಿಕೊಂಡು ಗೇಟಿನ ಬಳಿ ನಿಂತಳಂತೆ. ಅಕ್ಕ ಫೋನಿನಲ್ಲಿ ನನ್ನನ್ನು ಬೈಯಲಿಲ್ಲ. ‘ನೀನೇ ಬಂದು ಹೇಳು’ ಎಂದಳು, ಅಷ್ಟೇ.

ಹೋದೆ. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಅಪ್ಪ ಸತ್ತುಹೋದರು, ಇನ್ನು ಬರುವುದಿಲ್ಲ ಎಂದೆ. ನನ್ನ ದನಿ ಕಚೇರಿಯ ದನಿಯಂತೆಯೇ ಇತ್ತು. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಅವಳೂ ಅಳಲಿಲ್ಲ. ಒಳಗೆ ಹೋಗಿ ಪುಸ್ತಕ, ರಬ್ಬರು ತಂದು ತನ್ನ ಉತ್ತರವನ್ನು ಉಜ್ಜಿದಳು. ಅಕ್ಷರಗಳು ಹೋದವು. ಕೆಂಪು ಗುರುತು ಹೋಗಲಿಲ್ಲ. ಕಾಗದ ಹರಿಯುವ ತನಕ ಉಜ್ಜಿ, ರಬ್ಬರನ್ನು ನನ್ನ ಕೈಗಿಟ್ಟು, ‘ಇದು ಹೋಗ್ತಾ ಇಲ್ಲ ಚಿಕ್ಕಮ್ಮ, ನೀನು ಅಳಿಸು’ ಎಂದಳು.

ನೀವು ಇದ್ದಲ್ಲಿ ನೆಮ್ಮದಿಯಾಗಿರಿ. ನಿಮ್ಮ ಮಗಳಿಗೆ ಒಳ್ಳೆಯದಾಗಲಿ.

ಇತಿ,
ನಿಮ್ಮ ನಾದಿನಿ