ನೆಟ್ಟಗೆ ನಿಂತ ನೆರಳು

ಟೆರೇಸ್ ಮೇಲಿಂದ,
ಭಾನುವಾರ, ಬಟ್ಟೆ ಒಣಗೋ ಹೊತ್ತು

ಪ್ರೀತಿಯ ಯಜಮಾನ್ತೀ,

ಮೊದಲು ನಿನ್ನ ಸೊಂಟ ಹೇಗಿದೆ ಹೇಳು. ಹಡಗು ಓಲಾಡಿದಾಗ ತಲೆಸುತ್ತು ಬರ್ತಿತ್ತಲ್ಲ, ಅದು ನಿಂತಿತಾ? ಹೊತ್ತುಹೊತ್ತಿಗೆ ಊಟ ಮಾಡು. ಹಡಗಿನ ಲಾಂಡ್ರೀಲಿ ನೀನು ಒಗೀಬೇಕಾದ ಟವಲ್ ಎಲ್ಲೂ ಓಡಿಹೋಗಲ್ಲ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ನೀನೇ ಬೈದಿದ್ದೆ, ಅದಕ್ಕೆ ಈ ಕಾಗದಾನ ಫೋನಿಗೆ ಬಾಯಲ್ಲೇ ಹೇಳ್ತಿದ್ದೀನಿ. ಹಡಗು ದಡ ಸೇರಿದಾಗ ಕೇಳಿಸ್ಕೋ. ಹಿಂದೆ ಪಟಪಟ ಸದ್ದು ಬಂದ್ರೆ ಗಾಬರಿ ಬೇಡ, ನಮ್ಮ ಲಾಂಡ್ರಿಗೆ ಬಂದ ಹೋಟೆಲ್ ಬೆಡ್‌ಶೀಟುಗಳು ಗಾಳಿಗೆ ಹೊಡ್ಕೊಳ್ತಿವೆ.

ಪುಟ್ಟಿ ಫೋನಲ್ಲಿ ಯಾವಾಗ ನೋಡಿದ್ರೂ ಕೂತೇ ಇರ್ತಾಳೆ, ಕಾಲಿಗೇನಾದ್ರೂ ಆಗಿದೆಯಾ ಅಂತ ನೀನು ಕೇಳಿದ್ದೆ. ಏನೂ ಆಗಿಲ್ಲ ಕಣೇ. ಉದ್ದ ಆಗಿವೆ, ಅಷ್ಟೆ. ನೀನು ಹೋದಾಗ ನನ್ನ ಭುಜಕ್ಕೆ ಬರ್ತಿದ್ದೋಳು ಈಗ ನನ್ನ ಬೊಕ್ಕ ತಲೆನ ಮೇಲಿಂದ ನೋಡ್ತಾಳೆ. ನನ್ನ ಎತ್ತರದ ಲೆಕ್ಕ ಬಿಡು, ನಿಮ್ಮಮ್ಮ ಮೊದಲ ಸಲ ನೋಡಿದಾಗ "ಉಳಿದರ್ಧ ಎಲ್ಲಿ?" ಅಂದಿದ್ರು. ಆದ್ರೆ ಇವಳು ಟೀಚರಿಗಿಂತ ಉದ್ದ. ಕ್ಲಾಸಲ್ಲಿ "ಏಣಿ" ಅಂತಾರೆ, "ಮೇಲೆ ಮಳೆ ಶುರುವಾಯ್ತೇನೇ?" ಅಂತಾರೆ. ಬೆನ್ನಿಗೆ ಏಣಿ ಚಿತ್ರ ಅಂಟಿಸಿದ್ರು. ಯೂನಿಫಾರ್ಮ್ ಒಗೆಯೋಕೆ ಹಾಕೋವಾಗ ನನ್ನ ಕೈಗೇ ಸಿಕ್ತು. ಅಷ್ಟರಲ್ಲಿ ಹುಡುಗಿ ಬೆನ್ನು ಬಾಗಿಸಿ ನಡೆಯೋದು ಕಲಿತುಬಿಟ್ಟಿದ್ಲು. ನಾನು ಬುದ್ಧಿ ಹೇಳೋಕೆ ಹೋದೆ. "ಅಪ್ಪಾ, ನಿನ್ನ ಯಾರೂ ಮಳೆ ಬಂತಾ ಅಂತ ಕೇಳಲ್ಲ" ಅಂದ್ಲು. ಆಮೇಲೆ, "ಅಮ್ಮನ್ನ ಕರ್ಕೊಂಡು ಬರೋಕೆ ಬಂದರಿಗೆ ನಾನು ಬರಲ್ಲ, ಅಮ್ಮ ಬಿಟ್ಟುಹೋದ ಪುಟ್ಟಿ ನಾನಲ್ಲ" ಅಂದ್ಲು. ಆ ಮಾತು ನನ್ನ ಎದೆಯಲ್ಲೇ ಉಳ್ಕೊಂಡುಬಿಡ್ತು.

ಒಂದು ಸಂಜೆ ಬಿಸಿಲು ಓರೆಯಾಗಿತ್ತು. ಸಾಲುಸಾಲು ಬಿಳಿ ಶೀಟು, ನಡುವೆ ಓಣಿಗಳ ಹಾಗೆ ದಾರಿ. ಒಂದು ಶೀಟಿನ ಮೇಲೆ ನೆರಳು ಬಿತ್ತು. ನೀಳವಾಗಿ, ಕೈ ಮೇಲೆತ್ತಿ, ನೆಟ್ಟಗೆ. ಶೀಟು ಉಬ್ಬಿದಾಗೆಲ್ಲ ಅದೂ ಉಸಿರಾಡ್ತಿತ್ತು. ಒಂದು ಗಳಿಗೆ ನೀನೇ ಹಡಗು ಬಿಟ್ಟು ಟೆರೇಸಿಗೆ ಬಂದುಬಿಟ್ಟೆ ಅನ್ಕೊಂಡೆ. ಮಾತಾಡಿದ್ರೆ ಹಾರಿಹೋಗುತ್ತೆ ಅಂತ ಸುಮ್ನೆ ನಿಂತೆ. ನಾನು! ಸುಮ್ನೆ! ಪುಟ್ಟಿ ಶೀಟಿನಾಚೆಯಿಂದ ಬಂದ್ಲು, ನನ್ನ ನೋಡಿದ್ಲು, ಮತ್ತೆ ಬಾಗಿದ್ಲು.

ಅವತ್ತೇ ಇನ್ನೊಂದು ಗಮನಕ್ಕೆ ಬಂತು. ನೀನು ಹೋದ ಮೇಲೆ ಶೀಟು ಮಡಚೋವಾಗ ಆ ಕಡೆಯ ಎರಡು ಮೂಲೆ ಹಿಡಿಯೋದು ಅವಳೇ. ಒಗೆದ ಶೀಟಿನ ಅಂಚು ಮತ್ತೆಮತ್ತೆ ಕೊಳೆ ಆಗ್ತಿತ್ತು. ನಾನು ಗಾಳಿನ ಬೈದೆ, ನೆಲಾನ ಬೈದೆ. ನೋಡಿದ್ರೆ ಹುಡುಗಿ ನನ್ನ ಎತ್ತರಕ್ಕೆ ಸರಿಯಾಗ್ಲಿ ಅಂತ ಮಂಡಿ ಬಗ್ಗಿಸಿ ನಿಂತಿದ್ದಾಳೆ, ಶೀಟು ನೆಲ ಗುಡಿಸ್ತಿದೆ! "ನನ್ನ ಸಲುವಾಗಿ ನೀನು ಗಿಡ್ಡ ಆಗ್ಬೇಡ ತಾಯಿ, ನಾನೇ ಹತ್ತುತೀನಿ" ಅಂತ ಸ್ಟೂಲ್ ತಂದು ಹತ್ತಿದೆ. ಸ್ಟೂಲ್ ವಾಲಿತು, ಶೀಟು ಮುಖದ ಮೇಲೆ ಬಿತ್ತು, ಬೀಳ್ತಿದ್ದೋನ ಕಾಲರ್ ಹಿಡಿದು ಒಂದೇ ಕೈಯಲ್ಲಿ ನಿಲ್ಲಿಸಿದ್ಲು. ಆ ನಗು ನೀನು ಕೇಳಬೇಕಿತ್ತು. ನಗ್ತಾ ನಗ್ತಾ ಬೆನ್ನು ತಾನಾಗೇ ನೆಟ್ಟಗಾಯ್ತು. ಅಂದಿನಿಂದ ನಾನು ಸ್ಟೂಲ್ ಮೇಲೆ, ಅವಳು ನೆಲದ ಮೇಲೆ. ಅಂಚಿಗೆ ಅಂಚು ಸೇರುತ್ತೆ.

ಮೊನ್ನೆ ಕ್ಲಾಸಲ್ಲಿ ಮತ್ತೆ "ಮೇಲೆ ಮಳೆ ಬಂತೇನೇ?" ಅಂದ್ರಂತೆ. "ಬಂತು, ನಿನ್ನ ತನಕ ಇಳಿಯೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು" ಅಂದ್ಲಂತೆ ನಿನ್ನ ಮಗಳು! ಎಲ್ಲ ಸರಿಹೋಯ್ತು ಅನ್ನಲ್ಲ. ಕೆಲವು ದಿನ ಗೇಟು ದಾಟಿದ ಕೂಡಲೇ ಬಾಗ್ತಾಳೆ. ಒದ್ದೆ ಬಟ್ಟೆ ಒಂದೇ ಬಿಸಿಲಿಗೆ ಒಣಗುತ್ತಾ?

ಸೊಂಟ ನೋಡ್ಕೋ. ಜೊತೆಯೋರಿಗೆಲ್ಲ ನಮ್ಮ ನಮಸ್ಕಾರ ಹೇಳು.

ಸ್ಟೂಲ್ ಮೇಲಿಂದ,
ನಿನ್ನ ಅರ್ಧ ಗಂಡ

ಅಯ್ಯೋ, ನಿಲ್ಲು, ಆಫ್ ಮಾಡ್ಬೇಡ, ಮುಖ್ಯವಾದ್ದೇ ಮರೆತೆ! ಇಳಿದ ಕೂಡಲೇ "ಅಯ್ಯೋ, ಎಷ್ಟು ಉದ್ದ ಆಗಿದ್ದೀಯೇ" ಅಂತ ಮಾತ್ರ ಅನ್ಬೇಡ. ಅವಳು ಬಂದರಿಗೆ ಬರ್ತಾಳಂತೆ. ಇಲ್ಲೇ ಬಟ್ಟೆ ಕ್ಲಿಪ್ ತೆಗೀತಾ ಹೇಳ್ತಿದ್ದಾಳೆ: "ಗುಂಪಲ್ಲಿ ನನ್ನ ಹುಡುಕೋದು ಬೇಡ ಅಂತ ಹೇಳಪ್ಪಾ ಅಮ್ಮಂಗೆ. ಹಡಗಿಂದಲೇ ಕಾಣ್ತೀನಿ."