ಒಂದು ಬಟ್ಟಲು ತಣ್ಣೀರು

ಅಮ್ಮನಿಗೆ ಮಗಳ ನಮಸ್ಕಾರ.

ದೊಡ್ಡಮ್ಮನ ಮನೆಯಲ್ಲಿ ಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯ ತಾನೇ?

ರೇಷ್ಮೆ ನೂಲು ಬಿಚ್ಚುವಲ್ಲಿ ಈಗ ನಿನ್ನ ಜಾಗದಲ್ಲಿ ನಾನೇ ಕೂರುತ್ತೇನೆ. ಕುದಿನೀರಿಗೆ ಕೈಹಾಕಿ ಗೂಡಿನ ಎಳೆಯ ತುದಿ ಹುಡುಕುವಾಗ ಹಬೆಯಲ್ಲಿ ಪಕ್ಕದವಳ ಮುಖವೂ ಕರಗಿಹೋಗುತ್ತದೆ. ಎಳೆಗಳು ಮಾತ್ರ ಯಾರೋ ಮೆಲ್ಲಗೆ ಉಸಿರು ಬಿಟ್ಟಂತೆ ಮೇಲೇಳುತ್ತವೆ.

ಉರಿಯುವ ಕೈ ಅದ್ದಲು ಒಬ್ಬೊಬ್ಬರಿಗೂ ಒಂದು ಬಟ್ಟಲು ತಣ್ಣೀರು ಇಡಬೇಕು, ಅದು ನಮ್ಮ ಹಕ್ಕು ಎಂದು ಸಂಘದವರು ಹಂಚಿದ ಕರಪತ್ರ ತೋರಿಸಿ ಯಜಮಾನರಿಗೆ ಹೇಳಿದೆ.

"ಕರಪತ್ರ ಓದಿದವರಿಗೇ ಕೈ ಉರಿ ಜಾಸ್ತಿ ಕಣಮ್ಮ. ನಿಮ್ಮಮ್ಮ ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿದ್ಲಾ?" ಎಂದರು.

"ಹಾಗಾದ್ರೆ ಅವಳನ್ನೇ ಕರೆಸಿ ಕೇಳಿ," ಎಂದಿತು ಹಬೆಯೊಳಗಿಂದ ಒಂದು ದನಿ. ಯಾರೆಂದು ಅವರಿಗೆ ಕಾಣಲಿಲ್ಲ.

ನೀನು ಸೋಮವಾರ ಬಂದು ತಣ್ಣೀರು ಬೇಕೆಂದರೆ ಕೊಡುವುದಾಗಿ ಒಪ್ಪಿದ್ದಾರೆ. ನಿನಗೆ ಎದುರಾಡಿ ಅಭ್ಯಾಸವಿಲ್ಲ, ಗೊತ್ತು. ಭಾಷಣ ಬೇಡ, ಅಂಗೈ ಬಿಚ್ಚಿ ತೋರಿಸಿದರೆ ಸಾಕು. ಬರುವಾಗ ಉಳಿದ ಮುಲಾಮು ತಾ.

ನೀನು ನಿದ್ದೆಯಲ್ಲೂ ಹೊದಿಕೆಯ ಮೇಲೆ ಬೆರಳಾಡಿಸುತ್ತ ಎಳೆಯ ತುದಿ ಹುಡುಕುತ್ತಿದ್ದೆ. ಚಿಕ್ಕವಳಿದ್ದಾಗ ನಾನು ಕಿರುಬೆರಳು ಕೊಡುತ್ತಿದ್ದೆ. ಅದನ್ನು ಹಿಡಿದರೆ ನಿನ್ನ ಕೈ ಸುಮ್ಮನಾಗುತ್ತಿತ್ತು. ಈಗ ನನ್ನ ಕೈಯೂ ಹಾಗೇ ಹುಡುಕುತ್ತದಂತೆ. ತಂಗಿ ತನ್ನ ಕಿರುಬೆರಳು ಕೊಟ್ಟು ಮಲಗುತ್ತಾಳೆ.

ಅವಳ ಬೆರಳು ಇನ್ನೂ ಎಷ್ಟು ಮೆತ್ತಗಿದೆ, ಅಮ್ಮ. ಸೋಮವಾರ ಬಾ.

ನಿನ್ನ ಜಾಗದಲ್ಲಿ ಕೂತಿರುವ
ದೊಡ್ಡ ಮಗಳು