ಮಗ್ಗುಲು ಬದಲಿಸುವ ಹೊತ್ತು

ಪ್ರೀತಿಯ ಪೇಂಟರ್ ಗೆಳೆಯನಿಗೆ,

ನೀನು ಹೋದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರವಿದು. ಇದ್ದಾಗ ಬರೆಯುವ ಅಗತ್ಯವೇ ಬೀಳಲಿಲ್ಲ. ಕೈ ಚಾಚಿದರೆ ನಿನ್ನ ಮಂಚ.

ಅದೇ ಆಸ್ಪತ್ರೆಗೆ ಮತ್ತೆ ಬಂದು ಬಿದ್ದಿದ್ದೇನೆ, ಮಲಗಿದಲ್ಲೇ ಮಲಗಿ ಸೊಂಟದ ಹತ್ತಿರ ಹುಣ್ಣಾಗಿದೆ. ನಮ್ಮ ಬೆನ್ನುಹುರಿ ವಾರ್ಡು ಈಗಿಲ್ಲ. ಅಲ್ಲೀಗ ಗಾಜಿನ ಬಾಗಿಲು, ಮೆತ್ತನೆಯ ಸೋಫಾ, ಚೆಕಪ್ಪಿಗೆಂದು ತಮ್ಮ ಕಾಲ ಮೇಲೆ ನಡೆದು ಬರುವ ಜನ. ಬೆನ್ನು ಮುರಿದವರನ್ನು ಜಾಗವಿದ್ದ ಕಡೆ ತುರುಕುತ್ತಾರೆ. ನಿನ್ನನ್ನೂ ಹಾಗೇ ಮೇಲಿನ ಜನರಲ್ ವಾರ್ಡಿಗೆ ಸಾಗಿಸಿದರು. ಅಲ್ಲಿ ನಿನ್ನನ್ನು ಹೊತ್ತಿಗೆ ಸರಿಯಾಗಿ ಹೊರಳಿಸುವವರಿರಲಿಲ್ಲ, ಹುಣ್ಣು ಮೂಳೆಗಿಳಿಯಿತು. ಜ್ವರ ಬಂದು ಸತ್ತ ಎಂದರು. ಅವರು ಮರೆತಿರಬಹುದು, ನಾನು ಮರೆತಿಲ್ಲ.

ನಮ್ಮ ಹಳೆಯ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಎರಡು ಗಂಟೆಗೊಮ್ಮೆ ದಂಡು ಕಟ್ಟಿಕೊಂಡು ಬರುತ್ತಿದ್ದರಲ್ಲ. ತಲೆ ಹಿಡಿದವರೇ ಒಂದು, ಎರಡು ಎನ್ನಬೇಕು. ಮೂರಕ್ಕೆ ಇಡೀ ಮೈ ದಿಮ್ಮಿಯಂತೆ ಒಟ್ಟಿಗೆ ಹೊರಳಬೇಕು. ನನಗೆ ಒಮ್ಮೆ ನಿನ್ನ ಮುಖ, ಒಮ್ಮೆ ಗೋಡೆ. ಹಾಗಾಗಿ ನಮ್ಮ ಹರಟೆಯೆಲ್ಲ ಕಂತಿನಲ್ಲಿ. ನೀನು ಹೇಳುತ್ತಿದ್ದ, ಗೋಡೆಯ ಬಣ್ಣ ದಿನಕ್ಕೊಂದು ಸಲ ಬದಲಿಸುವ ಯಜಮಾನಿಯ ಕತೆ ರಂಗೇರುವಷ್ಟರಲ್ಲಿ ಸಿಸ್ಟರ್ ಹಾಜರ್. "ಗೋಡೆ ನೋಡ್ಕೊಂಡ್ ಬನ್ನಿ ಮೇಷ್ಟ್ರೇ, ಮಿಕ್ಕಿದ್ದು ಆಮೇಲೆ" ಎನ್ನುತ್ತಿದ್ದೆ ನೀನು. ಗೋಡೆಗೆ ಮುಖ ಮಾಡಿಕೊಂಡೇ ನಗುತ್ತಿದ್ದೆ ನಾನು.

ಇವತ್ತು ಪಕ್ಕದ ಮಂಚಕ್ಕೆ ಬಸ್ ಡ್ರೈವರೊಬ್ಬ ಬಂದಿದ್ದಾನೆ. ಬೆನ್ನಿಗೇ ಪೆಟ್ಟು. ನಾನು ಗೋಡೆಯತ್ತ ಮಲಗಿದ್ದರಿಂದ ಮುಖ ಕಂಡಿಲ್ಲ. ಅಲುಗಾಡಿಸಬೇಡಿ ಎಂದು ಯಾರೋ ಹೇಳಿದ್ದನ್ನೇ ನಂಬಿ ಅವನ ಹೆಂಡತಿ ಬೆಳಿಗ್ಗೆಯಿಂದ ಅಂಗಾತ ಮಲಗಿಸಿ ಕಾವಲು ಕೂತಿದ್ದಳು. ಅವಳು ಹಾಗೆಂದದ್ದು ಕೇಳಿದ್ದೇ ನನಗೆ ನಿನ್ನ ನೆನಪಾಗಿ ಗಂಟಲು ಹರಿಯುವಂತೆ ಕೂಗಿದೆ. ವಾರ್ಡಿಗೆಲ್ಲ ಒಬ್ಬಳೇ ನರ್ಸ್, ಓಡಿ ಬಂದಳು. ಡಾಕ್ಟರನ್ನು ಕರೆಸು, ಇನ್ನೂ ನಾಲ್ಕು ಜನರನ್ನು ಸೇರಿಸು ಎಂದೆ. "ನಾಲ್ಕು ಜನ ಎಲ್ಲಿಂದ ತರಲಿ ಸಾರ್?" ಎಂದಳು. ಅವಳದೇನು ತಪ್ಪು? ಆ ಸೋಫಾಗಳ ಹತ್ತಿರ ನಿಂತು ನಗುವುದಕ್ಕೇ ಅಷ್ಟು ಜನರಿದ್ದಾರೆ. ನಾವು ಕೇಳುವುದು ದಯೆಯನ್ನಲ್ಲ, ಹೇಗೆ ಹಿಡಿಯಬೇಕೆಂದು ಬಲ್ಲ ನಾಲ್ಕು ಜೊತೆ ಕೈ.

ಕೊನೆಗೂ ಬಂದರು. ಯಾರೋ ಒಂದು, ಎರಡು ಎಂದದ್ದು ಕೇಳಿಸಿತು. ಮೂರು ಎಂದು ನಾನೂ ಗೋಡೆಗೆ ಹೇಳಿದೆ. ಆಮೇಲೆ ಅವನ ಹೆಂಡತಿ, "ಈಗ ನಿಮ್ ಕಡೆಗೇ ತಿರುಗಿದಾರೆ ಅಣ್ಣಾ" ಎಂದಳು. ಅಷ್ಟರಲ್ಲಿ ನರ್ಸಿಗೆ ಬೇರೆ ಕಡೆಯಿಂದ ಕರೆ ಬಂತು, ಉಳಿದವರೂ ಚದುರಿದರು.

ಅವನ ಉಸಿರು ಕೇಳಿಸುತ್ತಿದೆ. ಯಜಮಾನಿಯ ಕತೆಯನ್ನು ಅವನಿಗೆ ಹೇಳಬೇಕೆಂದಿದ್ದೇನೆ. ನನ್ನನ್ನು ಹೊರಳಿಸಲು ಇನ್ನೂ ಯಾರೂ ಬಂದಿಲ್ಲ.

ನೀನಿರುವಲ್ಲಿ ಯಾವ ಮಗ್ಗುಲಿಗೂ ಗೋಡೆ ಇಲ್ಲದಿರಲಿ.

ನಿನ್ನ ಪಕ್ಕದ ಮಂಚದ
ಮೇಷ್ಟ್ರು